ಬೆನ್ನು ಮುಂದೆ ಮಾಡಿ ಇಳಿದ ಗುಡ್ಡ

ಮರಾಠಿ ಸೀಮೆಯ ನಮ್ಮ ಧನಕವಡಿಯಲ್ಲಿ ಯಾರದಾದರೂ ಕಾಲು ಉಳುಕಿದರೆ ಜನ ಅಯ್ಯೋ ಅಂತಾರೆ. ನನ್ನದು ಉಳುಕಿದರೆ ನಗತಾರೆ. ಏನು ಮಾಡೋದು, ನನಗೆ ಆಗೋದೆಲ್ಲ ಹಿಂಗೇ ಆಗತದೆ.

ಈ ಸಲದ್ದು ಗುಡ್ಡದ ಓಟ, ಓಡಿ ಹತ್ತಿ ಓಡಿ ಇಳಿಯೋದು. ನಾನು ಹತ್ತನೇ ಕ್ಲಾಸ್ ಫೇಲ್. ಅಪ್ಪ ಗೌಂಡಿ, ಯಾದಗಿರಿ ಕಡೆಯಿಂದ ಬಂದವನು. ಕುರಕುಂಭದಲ್ಲಿ ಫ್ಯಾಕ್ಟರಿ ಗೋಡೆ ಕಟ್ಟೋ ಕೆಲಸ ಹಿಡಿದಿದ್ದ, ನನ್ನನ್ನೂ ಸಿಮೆಂಟ್ ಬುಟ್ಟಿ ಹೊರಲಿಕ್ಕೆ ಎಳೆದುಕೊಂಡು ಹೋಗುವವನಿದ್ದ. ಅಷ್ಟರಲ್ಲಿ ಹಳೇ ಶಾಲೆಯ ಡ್ರಿಲ್ ಮಾಸ್ತರರು ಅಡ್ಡ ಬಂದರು. "ಗುಡ್ಡದ ಓಟದಾಗ ಮೊದಲ ಹತ್ತು ಮಂದಿಯೊಳಗ ಬಾ. ಸ್ಪೋರ್ಟ್ಸ್ ಹಾಸ್ಟೆಲಿನಾಗ ಸೀಟು ಕೊಡಸ್ತೀನಿ, ಪರೀಕ್ಷಾನೂ ಮತ್ತ ಕಟ್ಟಬಹುದು" ಅಂದರು.

ಅಪ್ಪ ತಲೆ ಕೆರೆದುಕೊಂಡು ಒಪ್ಪಿದ. "ಹತ್ತನೇದವ ಆಗಿ ಬಂದ್ರ ಹಾಸ್ಟೆಲು. ಹನ್ನೊಂದನೇದವ ಆಗಿ ಬಂದ್ರ ಬುಟ್ಟಿ."

ಚಪ್ಪಾಳೆ

ಗುಡ್ಡ ನಮ್ಮ ಮನೆ ಹಿಂದೆಯೇ ಇದೆ. ಮೇಲೆ ದೇವಿ ಗುಡಿ. ಪ್ರಾಕ್ಟೀಸಿನ ಮೊದಲನೇ ವಾರದಲ್ಲೇ, ಇಳಿಯುವಾಗ ಸಡಿಲ ಕಲ್ಲಿನ ಮೇಲೆ ಕಾಲಿಟ್ಟೆ. ಮೊಣಕಾಲು ಒಂದು ಕಡೆ, ನಾನು ಒಂದು ಕಡೆ. ಬಿದ್ದು ಹೊರಳಾಡಿ ಬೊಬ್ಬೆ ಹೊಡೆದೆ.

ಗೆಳೆಯರು ಓಡಿ ಬಂದರು. ಸುತ್ತ ಕೂತರು. ನಾನು ಮಂಗಳವಾರ ಫಿಟ್ಸ್ ಬಂದವನ ಹಾಗೆ, ಗುರುವಾರ ಹಾವು ಕಚ್ಚಿದವನ ಹಾಗೆ ಮಾಡಿ ತೋರಿಸಿದ್ದೆನಲ್ಲ, ಇದನ್ನೂ ಅದೇ ನಾಟಕದ ಲೆಕ್ಕಕ್ಕೆ ಹಿಡಿದರು. ಕಣ್ಣೀರು ಬಂದಾಗ ಚಪ್ಪಾಳೆ ಹೊಡೆದರು. ಒಬ್ಬ ಎದ್ದು ಹಿಂದಿನವರಿಗೆ ಜಾಗ ಬಿಟ್ಟುಕೊಟ್ಟ. ಇನ್ನೊಬ್ಬ ಅಂದ, "ಆಗ ಹೊರಳಿದ್ಯಲ್ಲ, ಅದಷ್ಟ ಇನ್ನೊಮ್ಮೆ ಮಾಡಲೇ."

ಒಗ್ಗರಣೆ

ಅವ್ವ ಮಾತ್ರ ನಂಬಿದಳು, ಬಾವು ಕಂಡಿತ್ತಲ್ಲ. ಅರಿಶಿಣ, ಉಪ್ಪು, ಬೆಳ್ಳುಳ್ಳಿ ಅರೆದು ಬಿಸಿ ಮಾಡಿ ಕಟ್ಟಿದಳು. ಬಾಜೂ ಮನೆಯ ಮಾವಶಿ ಬಂದು, ಇಷ್ಟು ಸಾಲದು ಅಂತ ಅದರ ಮೇಲೆ ಶುಂಠಿ ಮೆತ್ತಿದಳು. ನಾಕು ದಿನ ಹಂಗೇ ಕುಂಟಿದೆ.

ನಮ್ಮ ತಿರುವಿನಲ್ಲಿ ಹೋಟೆಲ್ ಇಟ್ಟಿರುವ ಉಡುಪಿ ಕಡೆಯ ಅಣ್ಣನಿಗೆ ನನ್ನ ಮೇಲೆ ಪ್ರೀತಿ. ಕರೆದು ಕೂಡಿಸಿ, ಊರಿನ ಕೊಬ್ಬರಿ ಎಣ್ಣೆ ಬಿಸಿ ಮಾಡಿಸಿ ತಂದ. ಕಟ್ಟು ಬಿಚ್ಚಿದ. ಎಣ್ಣೆ ಬಟ್ಟಲು ಕೆಳಗಿಟ್ಟು ಮೊಣಕಾಲನ್ನು ಒಂದು ಸಲ ಮೂಸಿ ನೋಡಿದ.

"ಎಲ್ಲಾ ಹಾಕಿ ಆಗಿದೆ ಮಾರಾಯ. ಸಾಸಿವೆ ಒಂದು ಸಿಡಿಸಿದ್ರೆ ಬಡಿಸ್ಲಿಕ್ಕೆ ಅಡ್ಡಿಯಿಲ್ಲ."

ಹಸಿ ಗೋಡೆ

ಕಡೆಗೆ ಡಾಕ್ಟರ. ಮೊಣಕಾಲು ಒತ್ತಿ, ತಿರುವಿ ನೋಡಿ ಮರಾಠಿಯಲ್ಲಿ ಹೇಳಿದರು: "ಮೂಳೆ ಸರಿ ಇದೆ. ನಿಧಾನಕ್ಕೆ ಗುಡ್ಡ ಹತ್ತು, ನಡೀತದೆ. ಇಳಿಯೋದು ಕೆಟ್ಟದ್ದು."

"ಸಾಹೇಬ್ರ, ಹತ್ತಿದ ಮೇಲೆ ಅಲ್ಲೇ ಸಂಸಾರ ಹೂಡಲೇನ್ರಿ?" ಅಂದೆ.

"ಹಿಂದಕ್ಕೆ ನಡೆದು ಇಳಿ. ಮುಖ ಗುಡ್ಡದ ಕಡೆ ಇರಲಿ, ಭಾರ ಕಮ್ಮಿ ಬೀಳತದೆ." ತೊಡೆ ಗಟ್ಟಿ ಆಗಲಿಕ್ಕೆ ಇನ್ನೊಂದು ಹೇಳಿದರು: ಗೋಡೆಗೆ ಬೆನ್ನು ಹಚ್ಚಿ, ಇಲ್ಲದ ಖುರ್ಚಿ ಮೇಲೆ ಕೂಡಬೇಕು.

ಕುರಕುಂಭಕ್ಕೆ ಹೋಗೋ ತನಕ ಅಪ್ಪ ಇಲ್ಲೇ ಒಂದು ಮನೆ ಕೆಲಸ ಮಾಡುತ್ತಿದ್ದ. ಅವನಿಗೆ ಬುತ್ತಿ ಕೊಡಲಿಕ್ಕೆ ಸೈಟಿಗೆ ಹೋದಾಗ ಒಳ್ಳೇ ನುಣ್ಣನೆಯ ಗೋಡೆ ಕಂಡಿತು. ಕೂತೆ. ತಂಪು ಹತ್ತಿತು, ಹಿತ ಅನಿಸಿತು. ಎದ್ದು ನೋಡಿದರೆ ಪ್ಲಾಸ್ಟರಿನಲ್ಲಿ ನನ್ನ ಬೆನ್ನು, ಅದರ ಕೆಳಗೆ ಉಳಿದದ್ದೂ, ಅಚ್ಚುಕಟ್ಟಾಗಿ ಮೂಡಿತ್ತು.

ಅಪ್ಪ ಬೈಯಲಿಲ್ಲ. ಪ್ಲಾಸ್ಟರ್ ಸವರೋ ಕರಣಿ ಹಿಡಿದು ಬಂದು ಅಚ್ಚನ್ನು ನೋಡಿದ. "ಈ ಮನಿ ತಗೊಳ್ಳಾವ್ರು ದೇವರ ಫೋಟೋ ಎಲ್ಲಿ ಹಾಕಬೇಕಂತ ಕೇಳತಾರ. ಇಲ್ಲಿ ಮಾತ್ರ ಬ್ಯಾಡ ಅನ್ನಬೇಕು."

ನವಸ

ಡಾಕ್ಟರ ಹೇಳಿದ ಹಾಗೆ ದಿನಾ ಬೆಳಿಗ್ಗೆ ಹತ್ತಿ, ಹಿಂದಕ್ಕೆ ಇಳಿಯತೊಡಗಿದೆ. ಗುಡಿಯಿಂದ ಹೊರಡುವಾಗ ದೇವರಿಗೆ ಬೆನ್ನು ತೋರಿಸಬಾರದು ಅಂತ ಎಲ್ಲರೂ ಹೊಸ್ತಿಲ ತನಕ ಹಿಂದಕ್ಕೇ ಹೆಜ್ಜೆ ಇಡತಾರೆ. ಈ ಹುಡುಗ ಗುಡ್ಡದ ಬುಡದ ತನಕ ದೇವಿಗೆ ಬೆನ್ನು ಕೊಡೋದಿಲ್ಲ ಅಂದರೆ?

"ನವಸ ಏನೋ ಬಾಳಾ?" ಅಂತ ಗುಡಿಗೆ ಬಂದ ಒಬ್ಬ ಮರಾಠಿ ಕಾಕೂ ಕೇಳಿದಳು. ನವಸ ಅಂದರೆ ಹರಕೆ, ಬಾಳಾ ಅಂದರೆ ಮಗು. ನಾನು ಕಣ್ಣು ಅರ್ಧ ಮುಚ್ಚಿ ಹೂಂ ಅಂದೆ. ಎರಡು ಬಾಳೆಹಣ್ಣು ಬಂತು. ಮರುದಿನ ಪೇಢೆ. ಆ ವಾರ ಮನೆಯಲ್ಲಿ ನಾಷ್ಟಾನೇ ಮಾಡಲಿಲ್ಲ ನಾನು.

ಮುಂದಿನ ವಾರ ನೋಡಿದರೆ ಕಾಕೂಗಳು, ಅವರ ಗಂಡಂದಿರು, ಒಬ್ಬ ರಿಟೈರ್ಡ್ ಪೊಲೀಸಪ್ಪ, ಎಲ್ಲರೂ ಹಿಂದಕ್ಕೇ ಇಳಿಯುತ್ತಿದ್ದಾರೆ. ಹಾಲಿನ ಕ್ಯಾನು ಹೊತ್ತು ಹತ್ತುತ್ತಿದ್ದ ಪೂಜಾರಿಗೆ ಪೊಲೀಸಪ್ಪನ ಬೆನ್ನು ಡಿಕ್ಕಿ ಹೊಡೆದು ಅಭಿಷೇಕ ದಾರಿಯಲ್ಲೇ ಆಯಿತು.

ಪೂಜಾರಿ ಧೋತರ ಹಿಂಡುತ್ತ ಅಂದ, "ಭಕ್ತಿ ಇರಲಿ, ಬ್ಯಾಡ ಅನ್ನೂದಿಲ್ಲ. ತಿರುವಿನಾಗ ಹಾರ್ನ್ ಹೊಡೀರಿ."

ಹನ್ನೊಂದನೆಯವನು

ಓಟದ ದಿನ ಅಪ್ಪ ಬಂದು ಕೆಳಗೆ ನಿಂತಿದ್ದ. ಕುರಕುಂಭಕ್ಕೆ ಹೋಗೋ ಟೆಂಪೋನೂ ಅವನ ಹಿಂದೆ ನಿಂತಿತ್ತು, ನನ್ನ ಹಾಸಿಗೆ ಸುರುಳಿ ಅದರೊಳಗೆ.

ಗುಡ್ಡದ ತುದಿಗೆ ಮುಟ್ಟಿದಾಗ ಡ್ರಿಲ್ ಮಾಸ್ತರರು "ಹತ್ತನೇದವ ಅದಿ, ಬಿಡಬ್ಯಾಡ" ಅಂದರು. ನಾನು ತಿರುಗಿ ನಿಂತು ಹಿಂದಕ್ಕೆ ಇಳಿಯತೊಡಗಿದೆ. ಬೆನ್ನಟ್ಟಿದವನು ನಿಗಡಿ ಅನ್ನೋ ಬಡಾವಣೆಯ ಒಬ್ಬ ಹುಡುಗ. ದಾರಿ ಸಣ್ಣದು, ಎರಡೂ ಕಡೆ ಮುಳ್ಳುಕಂಟಿ. ಅವನ ಮುಖ ನನಗೆ, ನನ್ನ ಮುಖ ಅವನಿಗೆ.

"ಸರಿಯೋ" ಅಂದ ಮರಾಠಿಯಲ್ಲಿ.

"ಊಟ ಆಯ್ತಾ?" ಅಂದೆ.

ಅವನಿಗೆ ನಗು ಬಂತು. ಓಡುವವನಿಗೆ ನಗು ಬಂದರೆ ಮುಗೀತು, ಪಕ್ಕೆ ಹಿಡಕೊಂಡ. ಅವನು ಚೇತರಿಸಿಕೊಂಡಾಗೆಲ್ಲ ನಾನು ಮಂಗನ ಮುಖ ಮಾಡಿದೆ, ತುಟಿ ಮೂಗಿಗೆ ಹಚ್ಚಿದೆ. ಮೊಣಕಾಲು ಉರಿಯುತ್ತಿತ್ತು, ಮುಖ ಮಾತ್ರ ಬಿಡಲಿಲ್ಲ. ಕೆಳಗೆ ಬಯಲು ಬಂದರೂ ತಿರುಗಲಿಕ್ಕೆ ಪುರಸೊತ್ತಾಗಲಿಲ್ಲ. ಓಟ ಮುಗಿಯೋ ಹಗ್ಗ ದಾಟಿದ್ದು ಬೆನ್ನೇ ಮೊದಲು.

ತಕರಾರು ಅಲ್ಲಿ ಹತ್ತಿತು. ನಂಬರ್ ಎಲ್ಲರ ಎದೆ ಮೇಲೆ. ಹಗ್ಗದ ಆಚೆ ಕೂತ ಜಡ್ಜಿಗೆ ಕಂಡದ್ದು ನನ್ನ ಬೆನ್ನು, ಅದರ ಹಿಂದೆ ನಿಗಡಿ ಹುಡುಗನ ನಂಬರ್. ಅದನ್ನೇ ಹತ್ತನೇದು ಅಂತ ಬರೆದುಬಿಟ್ಟರು. ಡ್ರಿಲ್ ಮಾಸ್ತರರು ಇನ್ನೂ ಗುಡ್ಡದ ಮೇಲೇ. ಅಪ್ಪ ಟೆಂಪೋ ಕಡೆ ನೋಡಿದ.

"ಬೆನ್ನು ಯಾರದಾದರೂ ಇರಬಹುದು. ನಂಬರ್ ನೋಡಿದವರು ಯಾರು?" ಅಂದರು ಜಡ್ಜ್.

ನಿಗಡಿ ಹುಡುಗ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸುಮ್ಮನಿದ್ದರೆ ಸೀಟು ಅವನದು. ಆದರೂ ಮುಂದೆ ಬಂದು ನನ್ನ ಕಡೆ ಕೈ ಮಾಡಿದ.

"ನಾನು ನೋಡೀನಿ ಸಾಹೇಬ. ಮ್ಯಾಲಿಂದ ಇಲ್ಲಿ ತನಕ ಬ್ಯಾರೆ ಏನೂ ನೋಡಲಿಕ್ಕೇ ಇರಲಿಲ್ಲ. ನಂಬರ್ ಹೋಗಲಿ, ಎಡಗಡೆ ಮ್ಯಾಲಿನ ದವಡೆ ಹಲ್ಲು ಮುರಿದದ ಇವಂದು."

ಜಡ್ಜ್ ನನಗೆ ಬಾಯಿ ತೆಗೆ ಅಂದರು. ತೆಗೆದೆ. ಬಗ್ಗಿ ನೋಡಿದರು. ಹತ್ತನೇದು ತಿದ್ದಿ ನನ್ನ ನಂಬರ್ ಬರೆದರು.