ಅಲ್ಪವಿರಾಮನ ಬೈಕ್ ಪರೀಕ್ಷೆ

ಎಲ್ಲದಕ್ಕೂ ಕಾರಣ ಒಂದು ಸೋಪಿನ ತುಂಡು. ವಾಹನ ಪತ್ರಿಕೆಯ ಬೈಕ್ ಪರೀಕ್ಷಕ ಹದಿನಾಲ್ಕು ವರ್ಷ ಗುಡ್ಡ ಹತ್ತಿಸಿ, ಹೊಳೆ ದಾಟಿಸಿ, ಮೈಮೇಲೆ ಒಂದು ತರಚು ಗಾಯವೂ ಇಲ್ಲದೆ ಬಾಳಿದ ಧೀರ. ಅಂಥವನು ಭಾನುವಾರ ತನ್ನದೇ ಮನೆಯ ಬಚ್ಚಲಲ್ಲಿ ಆ ಸೋಪಿನ ಮೇಲೆ ಕಾಲಿಟ್ಟು ಜಾರಿ ಬಿದ್ದ. ಸೋಮವಾರ ಅವನ ಬಲಗಾಲು ಪ್ಲಾಸ್ಟರಿನಲ್ಲಿತ್ತು. ಮಂಗಳವಾರ ಅವನು ಓಡಿಸಿ ನೋಡಬೇಕಾಗಿದ್ದ ಬೈಕಿಗೆ ಸವಾರನೇ ಇರಲಿಲ್ಲ.

ಸಂಪಾದಕರು ಕಚೇರಿಯ ಉದ್ದಕ್ಕೂ ಕಣ್ಣಾಡಿಸಿದರು. ಜಾಹೀರಾತು ನೋಡಿಕೊಳ್ಳುವವನಿಗೆ ಸೈಕಲ್ಲೂ ಬರುತ್ತಿರಲಿಲ್ಲ. ಫೋಟೋಗ್ರಾಫರ್ ರಜೆಯ ಮೇಲಿದ್ದ. ಉಳಿದವನು ಮೂಲೆಯ ಮೇಜಿನಲ್ಲಿ ಪ್ರೂಫ್ ತಿದ್ದುತ್ತಿದ್ದ ಅಲ್ಪವಿರಾಮ ಒಬ್ಬನೇ. ಅದು ಕಚೇರಿಯವರು ಇಟ್ಟ ಹೆಸರು. ಆಳು ಗಿಡ್ಡ, ಮಾತಿನ ಮಧ್ಯೆ ಎಲ್ಲೆಂದರಲ್ಲಿ ತಡೆದು ನಿಲ್ಲುವ ಅಭ್ಯಾಸ ಬೇರೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

"ಗಾಡಿ ಓಡಿಸೋಕೆ ಬರುತ್ತೇನ್ರೀ?" ಎಂದು ಸಂಪಾದಕರು ಕೇಳಿದರು.

"ಬರುತ್ತೆ, ಸಾರ್," ಎಂದ ಅಲ್ಪವಿರಾಮ. ಸುಳ್ಳೇನಲ್ಲ. ಗೇರಿಲ್ಲದ ಸ್ಕೂಟರೂ ಗಾಡಿಯೇ ತಾನೇ.

"ಸರಿ ಹಾಗಾದ್ರೆ. ನಾಳೆ ಒಂಬತ್ತಕ್ಕೆ ಬೈಕು ನಿಮ್ಮನೆಗೇ ಬರುತ್ತೆ. ಸಂಜೆ ಐದಕ್ಕೆ ಕಂಪನಿಯವರು ವಾಪಸ್ ತಗೊಂಡು ಹೋಗ್ತಾರೆ. ಏಳರ ಒಳಗೆ ವರದಿ ನನ್ನ ಕೈಲಿರ್ಬೇಕು. ಚೆನ್ನಾಗಿ ಬಂದ್ರೆ ಪರೀಕ್ಷಕನ ಕೆಲಸ ಇನ್ಮೇಲೆ ನಿಮ್ಮದೇ. ಕಾಲು ಸರಿಹೋದ್ರೂ ಗುಡ್ಡ ಗಿಡ್ಡ ಎಲ್ಲ ಸಾಕು ಅಂತ ಅವನ ಹೆಂಡ್ತಿ ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ."

ಅಲ್ಪವಿರಾಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಅವನು ಕುರ್ಚಿಯಲ್ಲೇ ಕೂತು ಬೇರೆಯವರ ಸವಾರಿ ತಿದ್ದಿದ್ದ. ಹೊಳೆ ದಾಟಿದವರು ಅವರು, ದಾಟಿದ ಮೇಲೆ ಪೂರ್ಣವಿರಾಮ ಹಾಕಿದವನು ಇವನು. ಒಂದೇ ಒಂದು ಸಲ ತಾನೂ ಧೂಳು ಕುಡಿದು ಬರಬೇಕು, ತನ್ನ ಬರಹವನ್ನು ಬೇರೆ ಯಾರಾದರೂ ತಿದ್ದಬೇಕು ಎಂಬುದು ಅವನ ಬಹುಕಾಲದ ಆಸೆ.

ಮಂಗಳವಾರ ಒಂಬತ್ತಕ್ಕೆ ಸರಿಯಾಗಿ ಬೈಕು ಬಂತು. ಮಧ್ಯಮ ಗಾತ್ರದ ಅಡ್ವೆಂಚರ್ ಬೈಕು, ಹೊಸದಾಗಿ ತಿದ್ದಿ ರೂಪಿಸಿದ್ದು. ಹಳೆಯದಕ್ಕಿಂತ ತೂಕ ಹನ್ನೊಂದು ಕಿಲೋ ಕಡಿಮೆ, ಸೀಟು ಎರಡು ಬೆರಳು ತಗ್ಗು, ಮುಂದಿನ ಗಾಜು ಒಂದು ಗೇಣು ಎತ್ತರ ಎಂದು ಕಂಪನಿಯ ಹುಡುಗ ಒಪ್ಪಿಸಿದ. "ಒಂದೇ ಒಂದು ಗೀರೂ ಆಗಬಾರ್ದು ಸಾರ್," ಎಂದು ಸಹಿ ಹಾಕಿಸಿಕೊಂಡು ಹೋದ. ಎರಡು ಬೆರಳು ತಗ್ಗಿದ್ದರೂ ಅಂಗಳದಲ್ಲಿ ಅದು ಒಂಟೆಯ ಹಾಗೆ ನಿಂತಿತ್ತು. ಅಲ್ಪವಿರಾಮ ಅದರ ಸುತ್ತ ಒಂದು ಸುತ್ತು ಬಂದು, ಹತ್ತುವುದು ಯಾವ ಕಡೆಯಿಂದ ಎಂದು ಯೋಚಿಸುತ್ತ ನಿಂತ.

ಅಷ್ಟರಲ್ಲಿ ಕಟ್ಟಡದ ಜನರೆಲ್ಲ ಕೆಳಗಿಳಿದಿದ್ದರು. ನೆಲಮಹಡಿಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಪಕ್ಕದ ಮನೆಯ ಪ್ಲಂಬರ್ ಹಲ್ಲುಜ್ಜುತ್ತ ಬಂದ. ಮೆಟ್ಟಿಲ ಮೇಲೆ ಹೆಂಡತಿ, ಅವಳ ಹಿಂದೆ ಅವಳ ತಾಯಿ. ಅತ್ತೆಗೆ ಅರವತ್ತೆಂಟು. ಕಣ್ಣು ಸ್ವಲ್ಪ ಮಂಜು, ನಾಲಗೆ ಮಾತ್ರ ನಿಚ್ಚಳ.

ಟೈಲರ್ ಯಾರ ಅನುಮತಿಗೂ ಕಾಯದೆ ಅಲ್ಪವಿರಾಮನ ಕಾಲು ಅಳೆದ. ಆಮೇಲೆ ಸೀಟಿನಿಂದ ನೆಲಕ್ಕೆ ಟೇಪು ಬಿಟ್ಟ.

"ಸಾರ್, ನಿಮ್ಮದು ಇಪ್ಪತ್ತಾರು ಇಂಚು. ಇದಕ್ಕೆ ಮೂವತ್ತೊಂದಾದ್ರೂ ಬೇಕು. ಪ್ಯಾಂಟಾಗಿದ್ರೆ ಮಡಚಿ ಹೊಲೀತಿದ್ದೆ, ಕಾಲಿಗೆ ಬಟ್ಟೆ ಸೇರಿಸೋಕೆ ಆಗಲ್ಲ." ಹಾಗೆಂದವನು ಬಗ್ಗಿ ಸೀಟಿನ ಹೊಲಿಗೆ ಪರೀಕ್ಷಿಸಿದ. "ಹೊಲಿಗೆ ಮಾತ್ರ ಡಬಲ್. ಮೂಲೇಲಿ ಗಂಟು ಸರಿಯಾಗಿ ಹಾಕಿಲ್ಲ, ಎರಡು ಮಳೆ ಕಂಡ್ರೆ ಬಿಚ್ಚಿಕೊಳ್ಳುತ್ತೆ ನೋಡಿ."

ಅಲ್ಪವಿರಾಮ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಧೈರ್ಯ ಮಾಡಿ ಹತ್ತಿದ. ಎಡಗಾಲಿನ ಹೆಬ್ಬೆರಳು ನೆಲಕ್ಕೆ ಸೋಕಿತು, ಬಲಗಾಲು ಗಾಳಿಯಲ್ಲಿ ಉಳಿಯಿತು. ಸ್ಟ್ಯಾಂಡ್ ತೆಗೆದದ್ದೇ ತಡ, ಬೈಕು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಬಲಕ್ಕೆ ವಾಲಿ ಟೈಲರನ ಚಿಂದಿ ಮೂಟೆಗಳ ಮೇಲೆ ಮಲಗಿತು. ಅಲ್ಪವಿರಾಮ ಮೂಟೆಗೂ ಬೈಕಿಗೂ ಮಧ್ಯೆ ಸಿಕ್ಕಿಕೊಂಡು ಕಣ್ಣು ಕಣ್ಣು ಬಿಟ್ಟ.

"ಗೀರಾಯ್ತಾ?" ಎಂದ ಬೈಕಿನ ಅಡಿಯಿಂದ.

"ನಿಮಗಾ, ಬೈಕಿಗಾ?" ಎಂದಳು ಹೆಂಡತಿ.

ಎರಡಕ್ಕೂ ಆಗಿರಲಿಲ್ಲ. ಪ್ಲಂಬರ್ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಒಂದೇ ಕೈಯಲ್ಲಿ ಬೈಕು ಎತ್ತಿ ನಿಲ್ಲಿಸಿದ. "ಕ್ಲಚ್ಚು ಬಿಗಿ ಇರ್ಬೇಕು ಸಾರ್. ನೀವು ಸುಧಾರಿಸ್ಕೊಳ್ಳಿ. ಆ ಮೂಲೆವರೆಗೆ ಹೋಗಿ ನೋಡ್ಕೊಂಡು ಬಂದ್ಬಿಡ್ತೀನಿ, ಎರಡೇ ನಿಮಿಷ."

ಆ ಎರಡು ನಿಮಿಷ ಮುಗಿಯುವ ಹೊತ್ತಿಗೆ ಹನ್ನೊಂದೂವರೆ ಆಯಿತು. ಅಲ್ಪವಿರಾಮ ಅಂಗಳದಲ್ಲಿ ಶತಪಥ ಹಾಕುತ್ತ ನಾಲ್ಕು ಲೋಟ ಕಾಫಿ ಕುಡಿದಿದ್ದ. ಕೊನೆಗೂ ಪ್ಲಂಬರ್ ಬಂದ, ಮುಖ ಹೂವಿನಂತೆ ಅರಳಿತ್ತು.

"ಏನ್ ಗಾಡಿ ಸಾರ್! ಹಿಂದೆ ಒಂದು ವಾಶ್ ಬೇಸಿನ್ನು ಕಟ್ಟಿದ್ದೆ, ಪಕ್ಕದಲ್ಲಿ ಎರಡು ಪೈಪು. ಹೆಂಗಿದ್ರೂ ಆ ಕಡೆ ಒಂದು ಕೆಲಸ ಇತ್ತು. ಒಂಚೂರೂ ಅಲ್ಲಾಡಲಿಲ್ಲ! ಹಳೇ ಮಾಡೆಲ್ಲು ನನ್ನ ಷಡ್ಡಕನ ಹತ್ರ ಇದೆ, ಇಷ್ಟು ಭಾರಕ್ಕೆ ಅದು ಮೂತಿ ಮೇಲೆತ್ತುತ್ತೆ. ಇದು ತೆಪ್ಪಗಿತ್ತು."

"ವಾಶ್ ಬೇಸಿನ್ನಾ?" ಅಲ್ಪವಿರಾಮನ ಜೀವ ಬಾಯಿಗೆ ಬಂತು. ಆದರೆ ಪತ್ರಿಕೆಯ ನಮೂನೆಯಲ್ಲಿ 'ಭಾರ ಹೊತ್ತಾಗ' ಎಂಬ ಕಲಮು ಇತ್ತು. ಬೈದುಕೊಳ್ಳುತ್ತಲೇ ಬರೆದುಕೊಂಡ.

ಇನ್ನು ಯಾರಿಗೂ ಕೊಡಬಾರದೆಂದು ಹಲ್ಲು ಕಚ್ಚಿ ಹ್ಯಾಂಡಲ್ ಹಿಡಿದ. ಆಗಲೇ ಮೇಲಿನ ಮನೆಯ ನರ್ಸ್ ಮೆಟ್ಟಿಲು ಇಳಿದು ಓಡೋಡಿ ಬಂದಳು. ಆಸ್ಪತ್ರೆಯ ವ್ಯಾನು ಕೆಟ್ಟಿತ್ತು, ದಾರಿಯನ್ನೆಲ್ಲ ಪೈಪು ಹಾಕಲು ಅಗೆದಿದ್ದರು, ಹನ್ನೆರಡಕ್ಕೆ ಡ್ಯೂಟಿ. ಅದೇ ಆಸ್ಪತ್ರೆಯಲ್ಲಿ ಅತ್ತೆಗೂ ಅವತ್ತೇ ಕಣ್ಣಿನ ತಪಾಸಣೆ.

"ನಾನೇ ಬಿಡ್ತೀನಿ, ಹತ್ತಿ," ಎಂದ ಅಲ್ಪವಿರಾಮ ಗತ್ತಿನಿಂದ. ಪ್ಲಂಬರ್ ಹಿಂದಿನಿಂದ ಬೈಕನ್ನು ನೇರವಾಗಿ ಹಿಡಿದುಕೊಂಡ. ಅಲ್ಪವಿರಾಮ ಕ್ಲಚ್ ಬಿಟ್ಟ. ಬೈಕು ಕಪ್ಪೆಯಂತೆ ಒಂದು ಜಿಗಿತ ಜಿಗಿದು ನಿಂತಿತು. ಮತ್ತೆ ಬಿಟ್ಟ, ಮತ್ತೆ ಜಿಗಿಯಿತು. ಮೂರನೆಯ ಸಲಕ್ಕೆ ಅವನ ಕನ್ನಡಕ ಅಂಗಳದಲ್ಲಿತ್ತು.

ನರ್ಸ್ ಗಡಿಯಾರ ನೋಡಿಕೊಂಡಳು. "ಅಣ್ಣಾ, ಸ್ವಲ್ಪ ಇಳೀರಿ. ಎಂಟು ವರ್ಷ ಲಸಿಕೆ ಡಬ್ಬ ಕಟ್ಟಿಕೊಂಡು ಗುಡ್ಡದ ಊರೆಲ್ಲ ಬೈಕಲ್ಲೇ ತಿರುಗಿದ್ದೀನಿ ನಾನು."

"ಅತ್ತೆ, ನೀವು ಹತ್ತಬೇಡಿ, ನಾನು ಆಟೋ ತರ್ತೀನಿ," ಎಂದು ಅಲ್ಪವಿರಾಮ ಹೇಳುವಷ್ಟರಲ್ಲಿ ಅತ್ತೆ ಹಿಂದೆ ಕೂತು ಸೆರಗು ಬಿಗಿದಾಗಿತ್ತು. "ಅಳಿಯಂದ್ರೇ, ದಾರಿ ಬಿಡಿ," ಎಂದರು.

ಬೈಕು ಬಾಣದಂತೆ ಹೋಯಿತು.

ಅಲ್ಪವಿರಾಮ ಉಳಿದ ದಿನವನ್ನು ಗೇಟಿಗೆ ಅಂಟಿಕೊಂಡು ಕಳೆದ. ಒಂದು, ಎರಡು, ಮೂರು ಗಂಟೆ ಆಯಿತು. ಅತ್ತೆಗೆ ಏನಾದರೂ ಆದರೆ ಹೆಂಡತಿಗೆ ಏನು ಹೇಳುವುದು, ಬೈಕಿಗೆ ಏನಾದರೂ ಆದರೆ ಸಂಪಾದಕರಿಗೆ ಏನು ಹೇಳುವುದು ಎಂದು ಒದ್ದಾಡಿದ. ನಾಚಿಕೆಯ ಸಂಗತಿಯೆಂದರೆ ಎರಡನೆಯ ಚಿಂತೆಯೇ ಒಂದು ತೂಕ ಹೆಚ್ಚಾಗಿತ್ತು.

ನಾಲ್ಕು ಗಂಟೆಗೆ, ಡ್ಯೂಟಿಯ ಮಧ್ಯೆ ಬಿಡುವು ಕೇಳಿಕೊಂಡು, ನರ್ಸ್ ಅತ್ತೆಯನ್ನು ತಂದು ಇಳಿಸಿದಳು. ಇಬ್ಬರೂ ಕೆಮ್ಮಣ್ಣಿನಲ್ಲಿ ಅದ್ದಿ ತೆಗೆದಂತಿದ್ದರು, ನಕ್ಕು ನಕ್ಕು ಅತ್ತೆಗೆ ಮಾತೇ ಹೊರಡುತ್ತಿರಲಿಲ್ಲ.

"ಅಣ್ಣಾ, ಅಗೆದ ಚರಂಡಿ ಮೇಲೆ ಹಲಗೆ ಹಾಕಿದ್ರಲ್ಲ, ಅದರ ಮೇಲೇ ದಾಟಿಸ್ಬಿಟ್ಟೆ. ಹಲಗೆ ಮುಗಿದಲ್ಲಿ ಒಂದು ಹಳ್ಳ ಇತ್ತು, ಕಾಣಲಿಲ್ಲ. ಬೈಕು ಹಾರಿ ಇಳೀತು, ಸೊಂಟಕ್ಕೆ ಗೊತ್ತೇ ಆಗ್ಲಿಲ್ಲ! ಶಾಕ್ ಅಬ್ಸಾರ್ಬರ್ ಬಹಳ ಮೆತ್ತಗೆ ಮಾಡಿದ್ದಾರೆ," ಎಂದಳು ನರ್ಸ್. ಆಟೋ ಹಿಡಿದು ಆಸ್ಪತ್ರೆಗೆ ಮರಳಿದಳು.

"ಮುಂದೆ ಕೂತೋಳಿಗೆ ಗೊತ್ತಾಗ್ಲಿಲ್ಲ," ಎಂದರು ಅತ್ತೆ. "ನನ್ನ ಕೇಳಿ. ಹಿಂದಿನ ಹಿಡಿಕೆ ಎಲ್ಲಿಟ್ಟಿದ್ದಾರೆ ನೋಡಿ. ಪೊಲೀಸರು ಬೇಡಿ ಹಾಕಿದ ಹಾಗೆ ಎರಡೂ ಕೈ ಹಿಂದಕ್ಕೆ ತಿರುಗಿಸ್ಬೇಕು. ಮುಂದಿನ ಗಾಜು ಎತ್ತರ ಮಾಡಿದ್ದೇವೆ ಅಂತ ಜಂಬ. ಅವಳ ತಲೆ ಸವರಿದ ಗಾಳಿ ಎಲ್ಲ ನನ್ನ ಮೂಗಿಗೇ ನುಗ್ಗುತ್ತೆ. ಹಿಂದೆ ಒಂದು ಜೀವ ಕೂತಿರುತ್ತೆ ಅನ್ನೋದು ಮಾಡಿದವನಿಗೆ ಮರೆತೇ ಹೋಗಿದೆ. ಬರ್ಕೊಳ್ಳಿ, ಬರ್ಕೊಳ್ಳಿ."

ಅಲ್ಪವಿರಾಮ ಬರೆದುಕೊಂಡ. ಇನ್ನು ಒಂದು ಗಂಟೆ ಉಳಿದಿತ್ತು. ಪ್ಲಂಬರ್ ಹಿಡಿದುಕೊಂಡ, ಟೈಲರ್ ತಳ್ಳಿದ, ಹೆಂಡತಿ "ನಿಧಾನ ರೀ" ಎಂದು ಕೂಗಿದಳು. ಈ ಸಲ ಕ್ಲಚ್ಚು ಸರಿಯಾಗಿ ಕೂಡಿತು. ಬೈಕು ಗೇಟು ದಾಟಿತು, ಬೀದಿಯಲ್ಲಿ ನೆಟ್ಟಗೆ ಹೊರಟಿತು. ಮುಖಕ್ಕೆ ಗಾಳಿ ಬಡಿಯಿತು. ಅಲ್ಪವಿರಾಮ "ಹೋ" ಎಂದು ಕೂಗಿದ. ಇಪ್ಪತ್ತೆರಡು ವರ್ಷದ ಆಸೆ ಇಳಿಜಾರಿನ ಕೊನೆಯವರೆಗೆ, ಅಂದರೆ ಸುಮಾರು ಮುನ್ನೂರು ಗಜ, ಪೂರೈಸಿತು. ಅಲ್ಲಿ ಎಂಜಿನ್ ಎರಡು ಸಲ ಬಿಕ್ಕಿ ಆರಿಹೋಯಿತು. ಕಂಪನಿಯವರು ಪೆಟ್ರೋಲನ್ನು ಔಷಧಿಯಂತೆ ಅಳೆದು ಹಾಕಿದ್ದರು, ಅದನ್ನು ವಾಶ್ ಬೇಸಿನ್ನೂ ಕಣ್ಣಿನ ಆಸ್ಪತ್ರೆಯೂ ಕುಡಿದು ಮುಗಿಸಿದ್ದವು.

ಇಳಿಜಾರು ಈಗ ಏರಾಗಿತ್ತು. ಅಲ್ಪವಿರಾಮ ತಳ್ಳಿದ. ಐದು ಗಂಟೆಗೆ ಬಂದ ಕಂಪನಿಯ ಹುಡುಗನಿಗೆ ಸಿಕ್ಕಿದ್ದು ಬೆವರಿನಲ್ಲಿ ತೊಯ್ದು, ಹ್ಯಾಂಡಲಿಗೆ ಜೋತುಬಿದ್ದ ಒಬ್ಬ ಗಿಡ್ಡ ಮನುಷ್ಯ. ಹುಡುಗ ಬೈಕನ್ನು ಮೂಸಿದಂತೆ ಸುತ್ತಲೂ ನೋಡಿದ. ಗೀರಿರಲಿಲ್ಲ. ಮೀಟರು ನೋಡಿ ಮೂಗಿನ ಮೇಲೆ ಬೆರಳಿಟ್ಟ. "ಎಂಬತ್ತನಾಲ್ಕು ಕಿಲೋಮೀಟರ್! ಭಾರೀ ಓಡಿಸಿದ್ದೀರಿ ಸಾರ್, ನಿಮ್ಮ ಬೆವರೇ ಹೇಳುತ್ತೆ," ಎಂದು ಕೈಕುಲುಕಿ ಹೋದ.

ಆ ಮಾತೇ ಅಲ್ಪವಿರಾಮನ ತಲೆ ಕೆಡಿಸಿತು. ಪತ್ರಿಕೆಯ ಪದ್ಧತಿಯಂತೆ ವರದಿಯನ್ನು 'ನಾನು' ಎಂದೇ ಬರೆಯಬೇಕು. ತಾನೇ ಓಡಿಸಿದವನ ಮಾತನ್ನಷ್ಟೇ ಓದುಗರು ನಂಬುತ್ತಾರೆ ಎಂಬುದು ಸಂಪಾದಕರ ಸಿದ್ಧಾಂತ. ಸರಿ, ಅಲ್ಪವಿರಾಮ ಬರೆದ. "ನಾನು ಸೀಟಿನ ಹೊಲಿಗೆಯನ್ನು ಪರಿಶೀಲಿಸಿದೆ. ನಾನು ವಾಶ್ ಬೇಸಿನ್ ಹೊತ್ತು ಸಾಗಿದೆ. ನಾನು ಹಿರಿಯರೊಬ್ಬರನ್ನು ಹಿಂದೆ ಕೂರಿಸಿಕೊಂಡು ಹಲಗೆಯ ಮೇಲೆ ಚರಂಡಿ ದಾಟಿದೆ." ಇಡೀ ವರದಿಯಲ್ಲಿ ಅವನ ಸ್ವಂತ ಅನುಭವದ ವಾಕ್ಯ ಒಂದೇ: "ಹನ್ನೊಂದು ಕಿಲೋ ತೂಕ ಇಳಿಸಿದ್ದಾರೆಂಬುದು ತಳ್ಳುವವನ ಅರಿವಿಗೆ ಬರುವುದಿಲ್ಲ."

ಹೆಂಡತಿ ಅದನ್ನು ಗಟ್ಟಿಯಾಗಿ ಓದಿದಳು. ಅತ್ತೆ ಕೊನೆಯವರೆಗೂ ಕೇಳಿದರು.

"ನನ್ನ ಹಿಡಿಕೆ ಎಲ್ಲಿ?"

"ಅತ್ತೆ, ಬರೀತಿರೋನು ಮುಂದೆ ಕೂತೋನು. ಹಿಂದಿನ ಹಿಡಿಕೆ ಅವನಿಗೆ ಹೇಗೆ, ಗೊತ್ತಾಗುತ್ತೆ?"

"ಓಹೋ," ಎಂದು ಅತ್ತೆ ಎದ್ದು ಒಳಗೆ ಹೋದರು. ಹಿಂದೆಯೇ ಕೋಣೆಯ ಬಾಗಿಲು ಹಾಕಿದ ಸದ್ದಾಯಿತು. ಕೋಪ ನಾಳೆಗೆ ಇಳಿಯುತ್ತದೆಂದು ಅಲ್ಪವಿರಾಮ ಏಳಕ್ಕೆ ಐದು ನಿಮಿಷವಿರುವಾಗ ವರದಿ ಕಳಿಸಿದ.

ಎಂಟಕ್ಕೆ ಸಂಪಾದಕರ ಫೋನು ಬಂತು. ಪ್ಲಂಬರೂ ಟೈಲರೂ ಫಲಿತಾಂಶ ಕೇಳಲು ಆಗಲೇ ಬಂದು ಕೂತಿದ್ದರು. ಅಲ್ಪವಿರಾಮ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ.

"ಅದ್ಭುತ ಕಣ್ರೀ!" ಸಂಪಾದಕರ ದನಿ ಮನೆ ತುಂಬಿತು. "ಹದಿನಾಲ್ಕು ವರ್ಷದಲ್ಲಿ ಇಂಥ ಪರೀಕ್ಷೆ ಯಾರೂ ಮಾಡಿರ್ಲಿಲ್ಲ. ತೀರ್ಮಾನ ಆಗಿದೆ. ಪರೀಕ್ಷಕನ ಕೆಲಸ ನಿಮ್ಮನೆಗೇ ಕೊಟ್ಟಿದ್ದೀನಿ!"

ಪ್ಲಂಬರ್ ಅಲ್ಪವಿರಾಮನನ್ನು ವಾಶ್ ಬೇಸಿನ್ನಿನಂತೆ ಎತ್ತಿ ಹಿಡಿದ. ಹೆಂಡತಿ ಚಪ್ಪಾಳೆ ತಟ್ಟಿದಳು. ಟೈಲರ್ ಆ ಕೆಲಸಕ್ಕೆ ಒಪ್ಪುವ ಜಾಕೆಟ್ಟಿಗೆ ಅಳತೆ ತೆಗೆಯಲು ಶುರು ಮಾಡಿದ. ಅಲ್ಪವಿರಾಮನ ಕಣ್ಣಲ್ಲಿ ನೀರೇ ಬಂತು.

"ಸಾರ್, ನಿಮ್ಮ ಉಪಕಾರ, ನಾನು ಹೇಗೆ..."

"ಅದಿರಲಿ, ನಿಮ್ಮ ಅತ್ತೆಯವರಿಗೆ ಫೋನು ಕೊಡಿ. ಯಾವತ್ತಿಂದ ಬರ್ತಾರೆ ಕೇಳ್ಬೇಕು."

ಪ್ಲಂಬರ್ ಅಲ್ಪವಿರಾಮನನ್ನು ಮೆಲ್ಲಗೆ ಕೆಳಗಿಳಿಸಿದ.

"ಅತ್ತೆಗಾ, ಸಾರ್?"

"ಏಳೂಕಾಲಕ್ಕೆ ಫೋನ್ ಮಾಡಿದ್ರು ಕಣ್ರೀ. ಪತ್ರಿಕೇಲಿರೋ ನಂಬರ್ ಹುಡುಕಿ. ನಿಮ್ಮ ವರದೀಲಿ 'ನಾನು' ಅಂತ ಇರೋ ಕಡೆಯೆಲ್ಲ ಯಾರ್ಯಾರು ಅಂತ ಒಂದೊಂದಾಗಿ ಬಿಡಿಸಿ ಹೇಳಿದ್ರು. ಆಮೇಲೆ ಹಿಂದಿನ ಸೀಟಿನ ವಿಷಯ ಅರ್ಧ ಗಂಟೆ! ನಮ್ಮ ಓದುಗರಲ್ಲಿ ಅರ್ಧ ಜನ ಹಿಂದೆ ಕೂರೋರೇ, ಅವರ ಪರವಾಗಿ ಒಬ್ಬನೂ ಇದುವರೆಗೆ ಒಂದು ಸಾಲು ಬರೆದಿರ್ಲಿಲ್ಲ. ಓಡಿಸೋಕೆ ಆ ನರ್ಸಮ್ಮ ರಜಾ ದಿನ ಬರ್ತಾರಂತೆ."

"ಮತ್ತೆ, ನಾನು, ಸಾರ್?"

"ನಿಮ್ಮನ್ನ ಬಿಟ್ರೆ ಅವರ ಬರಹ ತಿದ್ದೋರು ಯಾರ್ರೀ?" ಸಂಪಾದಕರು ಗಹಗಹಿಸಿ ನಕ್ಕರು. ಒಬ್ಬೊಬ್ಬರಾಗಿ ಮನೆಯವರೆಲ್ಲ ನಕ್ಕರು. ಅಲ್ಪವಿರಾಮನಿಗೆ ಅಳು ಬರಬೇಕಿತ್ತು. ಆದರೆ ಆ ಪುಟ್ಟ ಕೋಣೆಯಲ್ಲಿ ನಗದೆ ಉಳಿಯುವುದು ಕಷ್ಟವಾಗಿ ಅವನೂ ನಕ್ಕ.

ಬಾಗಿಲು ತೆರೆದು ಅತ್ತೆ ಬಂದರು, ಫೋನು ಇಸಿದುಕೊಂಡರು. "ಹಲೋ, ಹೇಳಿ. ನಾಳೆ ಬುಧವಾರ ಬೇಡ, ನರ್ಸಿಗೆ ಡ್ಯೂಟಿ ಇದೆ. ಗುರುವಾರ ಕಳಿಸಿ ಗಾಡಿ. ಪೆಟ್ರೋಲ್ ತುಂಬಿಸಿ ಕಳಿಸೋಕೆ ಹೇಳಿ, ಪಾಪ, ನಮ್ಮ ಅಳಿಯಂದ್ರು ತಳ್ಳಲಾರರು."

ಮರುವಾರ ಅಲ್ಪವಿರಾಮನ ಮೇಜಿಗೆ ಪ್ರೂಫ್ ಬಂತು. ಮೇಲೆ ಅತ್ತೆಯ ಫೋಟೋ, ಕೆಳಗೆ ಅತ್ತೆಯ ಬರಹ. ಮೊದಲ ವಾಕ್ಯ ಹೀಗಿತ್ತು: "ನನ್ನ ಅಳಿಯನಿಗೆ ಬೈಕು ಓಡಿಸಲು ಬರುವುದಿಲ್ಲ." ಅಲ್ಪವಿರಾಮ ಕೆಂಪು ಪೆನ್ನು ತೆರೆದು ಆ ವಾಕ್ಯವನ್ನು ಹಿಂದಿನಿಂದಲೂ ಮುಂದಿನಿಂದಲೂ ಹನ್ನೆರಡು ಸಲ ಓದಿದ. ಒಂದೂ ತಪ್ಪಿರಲಿಲ್ಲ. ಪಕ್ಕದಲ್ಲಿ ಸಹಿ ಹಾಕಿ ಅಚ್ಚಿಗೆ ಕಳಿಸಿದ.