ಕಾಲುವೆ ಏರಿಯ ಮೇಲೆ ಅಪರೆಂಟ್ಲಿ

ಹೊರಗೊಂದು ಕಾಣುವುದು, ಒಳಗೆ ಇನ್ನೊಂದು ನಡೆಯುವುದು: ಕಾಲುವೆ ನೋಡಿಕೊಳ್ಳುವವನಿಗೆ ಇದು ದಿನನಿತ್ಯದ ಸಂಗತಿ. ಶಹಾಪುರದಲ್ಲಿ ಎಂಜಿನಿಯರ್ ಆಗಿದ್ದಾಗ ಕೈಕೆಳಗಿನವರಿಗೆಲ್ಲ ಎರಡು ಇಂಗ್ಲಿಷ್ ಪದ ಕಡ್ಡಾಯ ಮಾಡಿದ್ದೆ. ಕಣ್ಣಿಗೆ ಹಾಗೆ ಕಂಡರೆ ‘ಅಪರೆಂಟ್ಲಿ’. ಕೈಯಿಟ್ಟು ಪರೀಕ್ಷಿಸಿದ್ದರೆ ಮಾತ್ರ ‘ಆಕ್ಚುವಲಿ’. ಕಾನ್ವೆಂಟಿನಲ್ಲಿ ಕಲಿತದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ.

ಒಂದು ಹಂಗಾಮಿನಲ್ಲಿ ಕಾಲುವೆಯ ಕಟ್ಟಕಡೆಯ ಹೊಲದ ಮುದುಕಿ ಆಫೀಸಿಗೆ ಬಂದಳು. “ಈ ಸರ್ತಿ ನೀರು ಬರಲಿಲ್ಲಂದ್ರ ಶೇಂಗಾ ಒಣಗತದ್ರಿ ಸಾಹೇಬ್ರ.” ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗಿತ್ತು, ಅವಳ ಹೊಲ ಮಾತ್ರ ಮುಟ್ಟಿರಲಿಲ್ಲ. ಮಾತು ಕೊಟ್ಟೆ. ಅವಳನ್ನೂ ಜೀಪಿನಲ್ಲಿ ಕೂರಿಸಿಕೊಂಡು, ಕಾಲುವೆಯ ಮೇಲ್ಭಾಗದ ರೈತರ ತೂಬು ಮುಚ್ಚಿಸಲು ಹೊರಟೆ.

ಕೀಲಿ

ಕಾಲುವೆ ಕಾಯುವ ಗ್ಯಾಂಗ್‌ಮನ್‌ನನ್ನು ಕೇಳಿದೆ: “ಮೊದಲನೇ ತೂಬಿಗೆ ಕೀಲಿ ಹಾಕಿದೆಯೇನಪ್ಪ?”

“ಆಕ್ಚುವಲಿ ಹಾಕೀನ್ರಿ. ಜಗ್ಗಿನೂ ನೋಡೀನಿ.”

ಹೋಗಿ ನೋಡಿದರೆ ಕೀಲಿ ಚೌಕಟ್ಟಿನಲ್ಲಿ ಭದ್ರವಾಗಿ ನೇತಾಡುತ್ತಿದೆ. ಕೆಳಗೆ ಗೇಟೇ ಇಲ್ಲ! ನೀರು ಧೋ ಎಂದು ಪಕ್ಕದ ಭತ್ತಕ್ಕೆ ಹೋಗುತ್ತಿದೆ. ಗೇಟು ಯಾರದೋ ಎಮ್ಮೆಯ ಕೊಟ್ಟಿಗೆಗೆ ಬಾಗಿಲಾಗಿತ್ತು. ತರಿಸಿ ಹಾಕಿಸಿ, ಗ್ಯಾಂಗ್‌ಮನ್ ಮೇಲೆ ಗುಡುಗಿದೆ.

“ನೀವು ಕೀಲಿ ಕೇಳಿದ್ರಿ ಸಾಹೇಬ್ರ. ಗೇಟ್ ಎಲ್ಲಿ ಕೇಳಿದ್ರಿ?”

ಜ್ವರ

ಮುಂದೆ ಏರಿಯ ಮೇಲೊಂದು ಹೊರಸು. ಮಟಮಟ ಮಧ್ಯಾಹ್ನದಲ್ಲಿ ಒಬ್ಬ ರೈತ, ನೆಲದವರೆಗೆ ಜೋಲುವ ಕೌದಿ ಹೊದ್ದು ಮಲಗಿದ್ದ.

“ಜ್ವರ ಬಂದಾವ್ರಿ...” ಎಂದು ನರಳಿದ.

ಕೌದಿಯೊಳಗೆ ಗುಳುಗುಳು ಸದ್ದು. “ಇದೇನು?”

“ಹೊಟ್ಟಿ ಕೆಟ್ಟದ್ರಿ.”

“ಜ್ವರ ಅಪರೆಂಟ್ಲಿ ಬಂದಾವ್ರಿ,” ಎಂದು ಗ್ಯಾಂಗ್‌ಮನ್ ನನ್ನ ಕಿವಿಯಲ್ಲಿ ಉಸುರಿದ. ಅಷ್ಟರಲ್ಲಿ ಮುದುಕಿ ಸರ್ರನೆ ಕೌದಿ ಎಳೆದಳು. ಹೊರಸಿನ ಅಡಿಯಲ್ಲಿ, ಕಾಲುವೆಯಿಂದ ಅವನ ಹೊಲಕ್ಕೆ, ತೊಡೆಗಾತ್ರದ ಪೈಪು!

“ಮೂಳಾ, ನಿನ್ನ ಹೊಟ್ಟಿ ಕಾಲುವೀತನಾ ಹೋಗ್ಯಾದಲ್ಲೋ!”

ಬೂಟು

ಪೈಪು ಕಿತ್ತ ಮರುದಿನ ಬೆಳಿಗ್ಗೆ ಕಸಕಡ್ಡಿ ತಳ್ಳಿಕೊಂಡು ನೀರು ಕಡೆಯ ಹೊಲಕ್ಕೆ ಬಂತು. ಇಸ್ತ್ರಿ ಅಂಗಿ, ಪಾಲಿಶ್ ಮಾಡಿದ ಬೂಟು; ನಾನು ದಂಡೆಯ ಮೇಲೆ ನೆಟ್ಟಗೆ ನಿಂತು, “ಬಂತು ನೋಡವ್ವ,” ಎಂದೆ.

“ಬಂದಂಗ ಕಾಣತದ್ರಿ. ಅದಕ್ಕ ನೀವು ಏನೋ ಅಂತೀರಲ್ಲ?”

“ಅಪರೆಂಟ್ಲಿ.”

“ಹಾಂ, ಅದಽ.”

ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ತುಳಿದು ನೋಡಿದಳು. ಒಂದು ಬೊಗಸೆ ತನ್ನ ಮೋರೆಗೆ ಎರಚಿಕೊಂಡಳು. ಅದೂ ಸಾಲದೆಂದು ಇನ್ನೊಂದು ಬೊಗಸೆ ನನ್ನ ಮೇಲೆ! ಕನ್ನಡಕ, ಅಂಗಿ, ಬೂಟು, ಎಲ್ಲ ಕೆಸರು.

“ಆಕ್ಚುವಲಿ ಬಂದದ್ರಿ ಸಾಹೇಬ್ರ!”

ನಾನು ಮೋರೆ ಗಂಟಿಕ್ಕಿಕೊಂಡು ಶಿಸ್ತಿನ ಬಗ್ಗೆ ಉದ್ದನೆಯ ಭಾಷಣ ಬಿಗಿದೆ. ಮುದುಕಿ ಗಾಬರಿಯಾಗಿ ಗ್ಯಾಂಗ್‌ಮನ್‌ನತ್ತ ನೋಡಿದಳು. ಅವನು ನನ್ನ ಮೋರೆಯನ್ನೊಮ್ಮೆ ದಿಟ್ಟಿಸಿ ತಣ್ಣಗೆ ಹೇಳಿದ:

“ಅಂಜಬ್ಯಾಡ ಯವ್ವಾ. ಸಾಹೇಬ್ರಿಗೆ ಸಿಟ್ಟು ಅಪರೆಂಟ್ಲಿ ಬಂದದ.”