ಅರ್ಜುನಪ್ಪನವರ ಹೆಬ್ಬೆರಳು ಬಿಡಿಸುವ ಬಗ್ಗೆ

ನೌಕರರ ಕ್ರೀಡಾಕೂಟ ವಿಭಾಗ, ಹುಬ್ಬಳ್ಳಿ-ಧಾರವಾಡ
ಸಂಖ್ಯೆ: ನೌಕ್ರೀ/ಬಾಬಾ/ಬೆರಳು-5/2024-25
ದಿನಾಂಕ: 30-11-2024

ಸುತ್ತೋಲೆ (ಅತಿ ಜರೂರು)

ವಿಷಯ: ಫ್ರೀ ಥ್ರೋ ಎಸೆಯುವ ಮುನ್ನ ಆದ ಐದು ದಿನಗಳ ವಿಳಂಬದ ಕುರಿತು.

ಉಲ್ಲೇಖ: 1. ಚೆಂಡು ಕೈಗೆ ಬಂದ ಐದು ಸೆಕೆಂಡಿನೊಳಗೆ ಎಸೆಯತಕ್ಕದ್ದೆಂಬ ನಿಯಮ.
2. ತೀರ್ಪುಗಾರರ ಪತ್ನಿ ಶ್ರೀಮತಿ ಶೇವಂತೆವ್ವನವರ ಮೌಖಿಕ ದೂರು (ಮೂರು ಸಲ, ಏರುದನಿಯಲ್ಲಿ).

ದಿನಾಂಕ 25ರಂದು ಟಪಾಲು ಮತ್ತು ಉಗ್ರಾಣ ಶಾಖೆಗಳ ಬಾಸ್ಕೆಟ್‌ಬಾಲ್ ಪಂದ್ಯ 38-38ಕ್ಕೆ ಸಮನಾಗಿ, ಟಪಾಲಿನ ಶ್ರೀಮತಿ ಪ್ರಭಾವತಿಯವರಿಗೆ ಕೊನೆಯ ಫ್ರೀ ಥ್ರೋ ಲಭಿಸಿರುತ್ತದೆ. ತೀರ್ಪುಗಾರ ಶ್ರೀ ಅರ್ಜುನಪ್ಪನವರು ಬೆರಳು ಬಿಡಿಸುತ್ತ ನಾಲ್ಕರವರೆಗೆ ಎಣಿಸಿದಾಗ, ನಿವೃತ್ತ ಅಧೀಕ್ಷಕ ಶ್ರೀ ಮಡಿವಾಳಪ್ಪನವರು ಮೈದಾನ ಪ್ರವೇಶಿಸಿರುತ್ತಾರೆ. ಪ್ರಭಾವತಿಯವರು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು “ಬರ್ರಿ ಸರ, ಚಹಾ ಆತೇನ್ರಿ?” ಎಂದು ವಿಚಾರಿಸಲಾಗಿ, ಸದರಿಯವರು ಸುಳ್ಳ ಗ್ರಾಮದ ಬೀಗರ ಕ್ಷೇಮದಿಂದ ತಮ್ಮ ಮೊಣಕಾಲಿನವರೆಗೆ ಸವಿಸ್ತಾರವಾಗಿ ಉತ್ತರಿಸಿರುತ್ತಾರೆ. “ಹಿರ್ಯಾರು ಮಾತಾಡಾಕತ್ತಾರ, ನಡುವ ಐದು ಅನ್ನೂದು ಹೆಂಗ್ರಿ?” ಎಂದ ಅರ್ಜುನಪ್ಪನವರು ಎಣಿಕೆ ನಿಲ್ಲಿಸಿ ಸ್ಪಷ್ಟೀಕರಣ ಕೋರಿರುತ್ತಾರೆ. ಅಂದಿನಿಂದ ಹೆಬ್ಬೆರಳು ಮಡಚಿಯೇ ಇದೆ.

ಇಂದು ಸಂಜೆ 5-30ಕ್ಕೆ ಅರ್ಜುನಪ್ಪನವರ ವಯೋನಿವೃತ್ತಿ. ಎಣಿಕೆ ಬಾಕಿಯಿರಿಸಿ ನಿವೃತ್ತರಾಗಲು ಅವಕಾಶವಿಲ್ಲ. ಮೂವತ್ನಾಲ್ಕು ವರ್ಷ ಒಂದೂ ಕಡತ ಬಾಕಿಯಿಡದ ಸದರಿಯವರು ಬಹಳ ನೊಂದಿರುವುದನ್ನು ಇಲಾಖೆ ಗಮನಿಸಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಚಹಾ ವಿಚಾರಿಸುವುದು ವಿಳಂಬವಲ್ಲ, ಸೌಜನ್ಯ. ಉತ್ತರವು “ಆತ್ರಿ” ಎಂಬುದನ್ನು ಮೀರಿದಲ್ಲಿ ವಿಳಂಬ. ಮೊಣಕಾಲಿಗೆ ಪಂದ್ಯದ ನಂತರ ಪ್ರತ್ಯೇಕ ಸಮಯ ನಿಗದಿಪಡಿಸಲಾಗುವುದು.

2. ಎಸೆತವಾಗುವ ತನಕ ಸಾಲಿನಲ್ಲಿರುವ ಆಟಗಾರರು ಕದಲುವಂತಿಲ್ಲವಾದ್ದರಿಂದ, ಕಚೇರಿ ವೇಳೆಯಲ್ಲಿ ಅಲ್ಲಿಯೇ ನಿಂತು ಕಡತ ವಿಲೇವಾರಿ ಮಾಡತಕ್ಕದ್ದು. ನೆಗೆಯಲು ಮಂಡಿ ಬಗ್ಗಿಸಿದ ಉಗ್ರಾಣದ ಶ್ರೀ ಹುಲಗೇಶ ಅವರಿಗೆ ಕುರ್ಚಿ ಮಂಜೂರಾಗಿದೆ, ಕೂರುವುದು ಮಂಜೂರಾಗಿಲ್ಲ.

3. ಹೆಬ್ಬೆರಳು ಬಿಡಿಸಿದರೆ ಐದಾಗುವುದರಿಂದ, ಅರ್ಜುನಪ್ಪನವರ ಬಯೋಮೆಟ್ರಿಕ್ ಹಾಜರಿಗೆ ಕಿರುಬೆರಳು ಸಾಕು. ಅಮ್ಮಿನಬಾವಿ ಬಸ್ಸಿನಲ್ಲಿ ಅವರ ಕೈ ನೋಡಿ ನಿರ್ವಾಹಕರು ನಾಲ್ಕು ಟಿಕೆಟ್ ಹರಿದಿರುವುದರಿಂದ, ಪ್ರಯಾಣದಲ್ಲಿ ಕೈಯನ್ನು ಜೇಬಿನಲ್ಲಿರಿಸತಕ್ಕದ್ದು. ಒಳಗೂ ನಾಲ್ಕೇ ಇದ್ದವೆಂದು ಸಹಪ್ರಯಾಣಿಕರೊಬ್ಬರು ದೃಢೀಕರಿಸತಕ್ಕದ್ದು.

4. ರೊಟ್ಟಿ ಮುರಿಯಲು ಹೆಬ್ಬೆರಳು ಅವಶ್ಯ. ಐದು ದಿನದಿಂದ ತುತ್ತು ಮಾಡಿ ಉಣಿಸುತ್ತಿರುವ ಶೇವಂತೆವ್ವನವರ “ಈ ವಯಸ್ಸಿನ್ಯಾಗ ನನಗೊಂದು ಕೂಸು ಕೊಟ್ರಿ ನೋಡ್ರಿ!” ಎಂಬ ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗಿದೆ.

5. ಇಂದು ಸಂಜೆ 5-29ಕ್ಕೆ ಅರ್ಜುನಪ್ಪನವರು ಹೆಬ್ಬೆರಳು ಬಿಡಿಸತಕ್ಕದ್ದು. ಅದಕ್ಕೂ ಮೊದಲು, ಬಾಕಿ ಉಳಿದ ಒಂದು ಸೆಕೆಂಡಿನಲ್ಲಿ, ಪ್ರಭಾವತಿಯವರು ಎಸೆಯತಕ್ಕದ್ದು. ಆ ಸೆಕೆಂಡಿನಲ್ಲಿ ಯಾರೂ ಯಾರ ಕ್ಷೇಮವನ್ನೂ ವಿಚಾರಿಸಬಾರದು.

ಸಹಿ/-
(ಶಿದ್ದಪ್ಪ)
ಪ್ರಭಾರ ಕ್ರೀಡಾಧಿಕಾರಿ
(ಚಹಾಕ್ಕೆ ತೆರಳಿರುವುದರಿಂದ, ಅವರ ಪರವಾಗಿ)

ಪ್ರತಿಗಳು:
1. ಶ್ರೀಮತಿ ಪ್ರಭಾವತಿ: ಚೆಂಡಿನ ಸಮೇತ ಹಾಜರಾಗಲು.
2. ಶ್ರೀ ಮಡಿವಾಳಪ್ಪ: ಚಹಾ ಕುಡಿದೇ ಬರಲು, ಸಾಧ್ಯವಾದರೆ ಬಾರದಿರಲು.
3. ಶ್ರೀ ಹುಲಗೇಶ: ಕುರ್ಚಿ ಮರಳಿಸಲು.
4. ಶ್ರೀಮತಿ ಶೇವಂತೆವ್ವ: ಇಂದಿನಿಂದ ಯಜಮಾನರು ರೊಟ್ಟಿಯನ್ನು ತಾವೇ ಮುರಿದುಕೊಳ್ಳುವರು. ಆದಾಗ್ಯೂ ಒಂದು ತುತ್ತು ಉಣಿಸಬೇಕೆನಿಸಿದಲ್ಲಿ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ.